ಒಂದೇ ಮಳೆಗಾಲ, ನಾಲ್ವರು ಯಜಮಾನರು

ಕಳೆದ ವಾರ ಹಳೆಯ ಆಫೀಸಿನಲ್ಲಿ ಉಳಿದುಹೋಗಿದ್ದ ಕ್ಯಾಸೆಟ್ ಪೆಟ್ಟಿಗೆಗಳನ್ನು ತರಲೆಂದು ಹೊಸಪೇಟೆಯ ಬಾಳೆ ಮಂಡಿಗೆ ಹೋಗಿದ್ದೆ. ಮೆಟ್ಟಿಲಿಗೆ ಕಾಲಿಟ್ಟದ್ದೇ ತಡ, ಕೆಳಗಿನ ಗೋದಾಮಿನಿಂದ ಮಾಗುತ್ತಿದ್ದ ಸುಗಂಧಿ ಬಾಳೆಯ ವಾಸನೆ ಗಪ್ಪನೆ ಮೂಗಿಗೆ ಬಡಿಯಿತು. ಪೆಟ್ಟಿಗೆಯ ವಿಷಯ ಮರೆತು ಮೆಟ್ಟಿಲ ಮೇಲೆಯೇ ಕೂತುಬಿಟ್ಟೆ. ಆ ವಾಸನೆಯ ನಡುವೆ ಹದಿನೈದು ವರ್ಷ ಸುದ್ದಿ ಓದಿದವಳು ನಾನು. ಮನೆಗೆ ಹೋದರೆ ಸೀರೆಯ ಮಡಿಕೆಯಲ್ಲೂ ಅದೇ ಇರುತ್ತಿತ್ತು. ಆದರೆ ಅಲ್ಲಿ ಕೂತಾಗ ನೆನಪಿಗೆ ಬಂದದ್ದು ಒಂದೇ ಒಂದು ಮಳೆಗಾಲ. ನಮ್ಮ ಮಾತಂಗ ಟಿವಿ ಇವತ್ತು ಮುಚ್ಚುತ್ತದೋ ನಾಳೆ ಮುಚ್ಚುತ್ತದೋ ಎನ್ನುತ್ತಲೇ ನಾಲ್ವರು ಯಜಮಾನರನ್ನು ಕಂಡ ಮಳೆಗಾಲ ಅದು.

ಮಾತಂಗ ಟಿವಿ ಎಂದರೆ ದೊಡ್ಡದೇನೂ ಅಲ್ಲ. ಬಾಳೆ ಗೋದಾಮಿನ ಮೇಲೆ ಎರಡು ಕೋಣೆ, ಒಂದು ಮೇಜು, ಮೇಜಿನ ಹಿಂದೆ ಹಂಪಿಯ ಗೋಪುರದ ಒಂದು ಬಣ್ಣ ಮಾಸಿದ ಪರದೆ. ಹೊಸಪೇಟೆ, ಕಂಪ್ಲಿ, ಸಂಡೂರು ಕಡೆಯ ಊರುಗಳಲ್ಲಿ ಕೇಬಲ್ಲಿನವರ ದಯೆಯಿಂದ ಮನೆಮನೆಗೂ ಬರುತ್ತಿದ್ದೆವು. ಅಕ್ಕಿ ಗಿರಣಿಯ ಬಸಲಿಂಗಪ್ಪ ಸಾಹುಕಾರ್ರು ಹುಟ್ಟುಹಾಕಿದ ಚಾನೆಲ್ಲು. ಕ್ಯಾಮೆರಾ ಮಾಬುಸಾಬ್ ಅವರದು, ನನಗೆ ಮಾಬಣ್ಣ. ಕಂಟ್ರೋಲ್ ರೂಮಿನಲ್ಲಿ ರೇಣುಕಾ. ಸುದ್ದಿ ಬರೆಯುವುದೂ ಓದುವುದೂ ನಾನು. ಲಾಭದ ಮುಖವನ್ನು ನಾವ್ಯಾರೂ ನೋಡಿರಲಿಲ್ಲ, ಆದರೂ ಸಂಜೆ ಏಳಕ್ಕೆ ನಮ್ಮನ್ನು ನೋಡದ ಮನೆ ಈ ಸೀಮೆಯಲ್ಲಿ ಕಡಿಮೆ.

ಏಳಕ್ಕೆ ಬರುತ್ತಿದ್ದುದು ನೀರಿನ ಸುದ್ದಿ. ಡ್ಯಾಮಿಗೆ ಎಷ್ಟು ನೀರು ಬಂತು, ಯಾವ ಕಾಲುವೆಗೆ ಎಷ್ಟು ಬಿಟ್ಟರು, ಯಾವ ಹಳ್ಳ ಬಂದು ದಾರಿ ಕಟ್ಟಿತು, ಯಾವ ಕೆರೆ ತುಂಬಿತು. ಇದಕ್ಕೆ ಸಾಹುಕಾರ್ರದೊಂದು ಕಟ್ಟುನಿಟ್ಟಿನ ನಿಯಮವಿತ್ತು. ಚಾನೆಲ್ಲು ಶುರುವಾದ ಹೊಸತರಲ್ಲಿ ಯಾರೋ ಫೋನಿನಲ್ಲಿ ಹೇಳಿದ್ದನ್ನು ನಂಬಿ, ಕಾಲುವೆಗೆ ನೀರು ಬಿಟ್ಟರು ಎಂದು ನಾನೇ ಓದಿಬಿಟ್ಟಿದ್ದೆ. ನೀರು ಬರಲಿಲ್ಲ, ಗಿರಣಿಯ ಮುಂದೆ ರೈತರು ಬಂದರು. ಅವತ್ತಿನಿಂದ ನೀರಿನ ಸುದ್ದಿಯನ್ನು ಕಣ್ಣಾರೆ ಕಂಡವರೇ ಹೇಳಬೇಕು ಎಂದಾಯಿತು. ಕ್ಯಾಮೆರಾದ ಮುಂದೆ ನಿಂತು ತಮ್ಮ ಹೆಸರು, ಓಣಿ, ಯಾರ ಮಗ ಯಾರ ಮಗಳು ಎನ್ನುವುದನ್ನು ಹೇಳಿ, ಆಮೇಲೆ ಇವತ್ತು ತಾವು ಕಂಡದ್ದನ್ನು ಹೇಳಬೇಕು. ಅವರನ್ನು ನಾವು ‘ಕಂಡವರು’ ಎಂದೇ ಕರೆಯುತ್ತಿದ್ದೆವು.

ಕಂಡವರ ಮಾತು ಕೇಳುವುದೇ ಒಂದು ಸೊಗಸು. ಹಂಪಿಯ ಹರಿಗೋಲಿನವನು ಹೊಳೆಯ ಘಟ್ಟದ ಎಷ್ಟು ಮೆಟ್ಟಿಲು ಮುಳುಗಿದವು ಎಂದು ಬೆರಳು ಮಡಿಚಿ ಹೇಳುತ್ತಿದ್ದ. ಬಂಡ್ರಿಯ ಹೆಣ್ಣುಮಗಳೊಬ್ಬಳು, ಹಳ್ಳ ಬಂದು ಗಣಿ ಕೆಲಸದ ಲಾರಿ ವಾಪಸ್ ಹೋಯಿತು, ನನಗೆ ಇವತ್ತು ರಜಾ ಎಂದು ಖುಷಿಯಿಂದ ವರದಿ ಕೊಟ್ಟಿದ್ದಳು. ದರೋಜಿಯ ಮುದುಕನಂತೂ ಕೆರೆಯ ನೀರನ್ನು ಅಳೆಯುತ್ತಿದ್ದುದೇ ಕರಡಿಯಿಂದ. “ಕರಡಿ ದಿನಾ ಬರೂ ದಾರಿ ಬಿಟ್ಟು ಮ್ಯಾಲಿನ ದಾರಿ ಹಿಡದೈತ್ರಿ. ಅಂದ್ರ ನೀರು ಹುಣಸಿಮರದ ಮಟ ಬಂದೈತಿ ಅಂತ ತಿಳಕೊಳ್ರಿ” ಎಂದಿದ್ದ. ಸುತ್ತಲಿನವರಿಗೆ ಅಷ್ಟು ಸಾಕಾಗಿತ್ತು.

ಹೊಸಪೇಟೆಯ ಮಳೆಗಾಲ ಎಂದರೆ ಹೊರಗಿನವರು ನಗುತ್ತಾರೆ. ನಮ್ಮಲ್ಲಿ ಮಳೆಗಿಂತ ಗಾಳಿಯದೇ ಜೋರು. ಮಳೆ ಎಲ್ಲೋ ಮಲೆನಾಡಿನಲ್ಲಿ ಸುರಿಯುತ್ತದೆ, ನೀರು ಮಾತ್ರ ನಮ್ಮಲ್ಲಿಗೆ ಬರುತ್ತದೆ. ಆ ವರ್ಷ ಮಿರಗದ ಮಳೆ ನಾಲ್ಕು ಹನಿ ಉದುರಿಸುವ ಹೊತ್ತಿಗೆ ಸಾಹುಕಾರ್ರಿಗೆ ಎದೆಯ ಆಪರೇಷನ್ ಆಯಿತು. ಮನೆಗೆ ಹೋಗಿ ಮಾತಾಡಿಸಿದರೆ ನನ್ನ ಮುಖ ನೋಡದೆ ಹೇಳಿದರು.

“ಯವ್ವಾ ಶಶಿ, ಚಾನೆಲ್ಲು ಕಂಪ್ನಿಯವ್ರಿಗೆ ಕೊಟ್ಟುಬಿಟ್ಟೀನಿ. ನನ್ನ ಕೈಲಿ ಇನ್ನ ಆಗಂಗಿಲ್ಲ. ಮಕ್ಳಿಗೆ ಇದ್ರಾಗ ಮನಸಿಲ್ಲ.”

“ನಮ್ಮ ಗತಿ ಏನ್ರಿ ಸಾಹುಕಾರ್ರ?”

“ನಿಮ್ಮನ್ನ ಬಿಡ್ಸಂಗಿಲ್ಲ ಅಂದಾರ. ನೀರಿನ ಸುದ್ದಿ ಒಂದು ಬಿಡಬ್ಯಾಡ್ರಿ, ಅಷ್ಟ ಸಾಕು.”

ನನಗೆ ಸಿಟ್ಟು ಬಂದಿತ್ತು, ಅಳುವೂ ಬಂದಿತ್ತು. ಎರಡನ್ನೂ ನುಂಗಿ ಚಹಾ ಕುಡಿದು ಬಂದೆ.

ಕೊಂಡ ಕಂಪನಿ ಬೆಂಗಳೂರಿನದು. ನಮ್ಮ ಸೀಮೆಯ ಕೇಬಲ್ಲಿನವರಿಗೆಲ್ಲ ಸಿಗ್ನಲ್ಲನ್ನೂ ಮನೆಗಳ ಟಿವಿಗೆ ಹಾಕುವ ಸೆಟ್‌ಟಾಪ್ ಬಾಕ್ಸನ್ನೂ ಕೊಡುತ್ತಿದ್ದವರು ಅವರೇ. ಎರಡನೆಯ ಯಜಮಾನರಾಗಿ ಪ್ರಭಾಕರ್ ಎನ್ನುವವರನ್ನು ಕಳಿಸಿದರು. ಬಾಯಿ ತೆರೆದರೆ ಜೇನು. ಬಂದ ದಿನವೇ ಸುದ್ದಿಯ ಮೇಜನ್ನು ಪೂರ್ವಕ್ಕೆ ತಿರುಗಿಸಿದರು, ಚಾನೆಲ್ಲಿನ ದೆಸೆ ತಿರುಗುತ್ತದಂತೆ. ಬೆಳಕು ನನ್ನ ಮೂಗಿನ ಒಂದೇ ಕಡೆ ಬೀಳತೊಡಗಿ, ಕೆನ್ನೆ ಊದಿದಂತೆ ಕಂಡು, ಊರಿನವರೆಲ್ಲ ನನಗೆ ಹಲ್ಲುನೋವು ಎಂದುಕೊಂಡರು. ಕಿತ್ತಳೆ ಬಣ್ಣದ ಸೋಫಾ ಬಂತು, ಅದರ ಮೇಲೆ ಕೂರುವ ಕಾರ್ಯಕ್ರಮ ಮಾತ್ರ ಬರಲಿಲ್ಲ. ಒಂದು ದಿನ ಊಟಕ್ಕೆ ಹೋಗಿ ಬರುತ್ತೇನೆ ಎಂದ ಪ್ರಭಾಕರ್ ಬರಲೇ ಇಲ್ಲ. ಬೇರೆ ಚಾನೆಲ್ಲಿಗೆ ಸೇರಿಕೊಂಡರೆಂದು ಮೂರು ದಿನದ ಮೇಲೆ ಗೊತ್ತಾಯಿತು.

ಮೂರನೆಯವರು ನಂದೀಶ್. ಇವರು ಸಿಹಿಯೂ ಅಲ್ಲ, ಕಹಿಯೂ ಅಲ್ಲ, ಸದಾ ಲ್ಯಾಪ್‌ಟಾಪ್ ನೋಡುವ ಮನುಷ್ಯ. ಮೇಜನ್ನು ಮತ್ತೆ ಮೊದಲಿನ ಕಡೆ ತಿರುಗಿಸಿದರು, ಅದೊಂದು ಉಪಕಾರ. ಆಮೇಲೆ ಒಂದು ವಾರ ನಮ್ಮ ನೀರಿನ ಸುದ್ದಿಯನ್ನು ನೋಡಿ ನನ್ನನ್ನು ಕರೆದರು.

“ಮೇಡಂ, ಯಾರೋ ಹಳ್ಳಿಯವರು ಬಂದು ಎರಡೆರಡು ನಿಮಿಷ ಅವರಪ್ಪನ ಹೆಸರು ಹೇಳ್ತಾ ನಿಂತ್ಕೋತಾರೆ. ಇದನ್ನ ಯಾವ ಜಾಹೀರಾತುದಾರ ನೋಡ್ತಾನೆ? ನಿಲ್ಸಿಬಿಡಿ. ನೀರಿನ ವಿಷಯ ಬೇಕಾದ್ರೆ ಕೆಳಗಡೆ ಸ್ಕ್ರೋಲ್‌ನಲ್ಲಿ ಓಡ್ಸಿ.”

“ಸರ್, ಜನ ಅದನ್ನ ನೋಡಾಕ ಟಿವಿ ಹಚ್ಚತಾರ.”

“ಜನ ಎಲ್ಲಾದನ್ನೂ ಮೊಬೈಲಲ್ಲಿ ನೋಡ್ತಾರೆ ಮೇಡಂ. ನಾನೂ ಮೇಲಿನವರಿಗೆ ಉತ್ತರ ಕೊಡ್ಬೇಕು.”

ಹಾಗೆ ಕಂಡವರು ನಿಂತರು. ಏಳು ಗಂಟೆಗೆ ಹಾಡು ಬಂತು. ಹರಿಗೋಲಿನವನು ಫೋನ್ ಮಾಡಿ, “ಅಕ್ಕಾರ, ನನ್ನಿಂದೇನರ ತಪ್ಪಾತನು?” ಎಂದು ಕೇಳಿದ. ಇಷ್ಟರಲ್ಲೇ ಒಂದು ಗಾಳಿಸುದ್ದಿ. ದಸರಾಕ್ಕೆ ಮೊದಲು ಸ್ಟುಡಿಯೋ ಮುಚ್ಚಿ, ಎಲ್ಲವನ್ನೂ ಬೆಂಗಳೂರಿನಿಂದಲೇ ನಡೆಸುತ್ತಾರಂತೆ, ಇಪ್ಪತ್ನಾಲ್ಕು ತಾಸೂ ಹಾಡಂತೆ. ನನ್ನ ಗಂಡ ಆಗ ದೋಣಿಮಲೈ ಗಣಿಯಲ್ಲಿ ಕೆಲಸ ಮಾಡುತ್ತಿದ್ದರು. “ಇಲ್ಲೇ ಕ್ವಾರ್ಟರ್ಸಿಗೆ ಬಂದುಬಿಡು, ತಂಪೈತಿ, ಆರಾಮ್ ಇರು” ಎಂದರು. ತಂಪು ಯಾರಿಗೆ ಬೇಕಾಗಿತ್ತು? ಆ ವಾರ ಭಾನುವಾರ ಅವರನ್ನು ನೋಡಲು ಹೋದಾಗ ಸಂಡೂರಿನ ಗುಡ್ಡಗಳೆಲ್ಲ ಹಸಿರಾಗಿ, ರಸ್ತೆಯೆಲ್ಲ ಕೆಂಪು ರಾಡಿಯಾಗಿ, ನೋಡಲು ಎರಡು ಕಣ್ಣು ಸಾಲದಂತಿತ್ತು. ನಾನು ಮಾತ್ರ ಕಿಟಕಿಯ ಪಕ್ಕ ಕೂತು, ಈ ಚಾನೆಲ್ಲು ಹೋದರೆ ನಾನು ಯಾರು ಎಂದು ಯೋಚಿಸುತ್ತಿದ್ದೆ.

ಪುಷ್ಯ ಮಳೆಯ ಹೊತ್ತಿಗೆ ಮಲೆನಾಡಿನಲ್ಲಿ ಮುಸಲಧಾರೆ. ಡ್ಯಾಮು ದಿನದಿನಕ್ಕೂ ತುಂಬುತ್ತಿತ್ತು. ಗೇಟು ತೆಗೆದರೆ ಮೊದಲು ನೀರು ನುಗ್ಗುವುದು ಕಂಪ್ಲಿಯ ಕೋಟೆಗೆ. ಹೊಳೆಯ ದಂಡೆಯ ಆ ಹಳೆ ಕೋಟೆಯೊಳಗಿನ ಓಣಿಯೇ ನನ್ನ ತವರು, ನಮ್ಮವ್ವ ಇರುವುದು ಅಲ್ಲಿ. ಎಲ್ಲರೂ ಕಣ್ಣಲ್ಲಿ ಕಣ್ಣಿಟ್ಟು ಕಾಯುತ್ತಿದ್ದರು. ಸರಿಯಾಗಿ ಅಂಥ ದಿನಗಳಲ್ಲೇ ನಂದೀಶ್ ಮಧ್ಯಾಹ್ನ ನಾಲ್ಕಕ್ಕೆ ಒಂದು ಹೊಸ ಕಾರ್ಯಕ್ರಮ ಶುರು ಮಾಡಿಸಿದರು, ಬಟ್ಟೆ ಅಂಗಡಿಯವರ ಜಾಹೀರಾತಿನ ಮಳೆ ಹಾಡುಗಳು. ಹಾಡಿನ ನಡುವೆ ಮಳೆಯ, ನೀರಿನ ಹಳೆಯ ದೃಶ್ಯ ಯಾವುದಿದ್ದರೂ ಹಾಕಿ ಎಂದು ಹೇಳಿ ಬೆಂಗಳೂರಿಗೆ ಮೀಟಿಂಗಿಗೆ ಹೋದರು. ರೇಣುಕಾ ಪಾಪ, ಹಿಂದಿನ ವರ್ಷದ ಕ್ಯಾಸೆಟ್ಟಿನಿಂದ ಗೇಟುಗಳೆಲ್ಲ ತೆರೆದು ನೀರು ಭೋರ್ಗರೆಯುವ ದೃಶ್ಯ ಹಾಕಿದಳು. ನೋಡಲು ಚೆನ್ನಾಗಿತ್ತು. ಆದರೆ ನಮ್ಮ ಪರದೆಯ ಕೆಳಗೆ ಅವತ್ತಿನ ತಾರೀಖು, ಗಂಟೆ ಸದಾ ಓಡುತ್ತಿರುತ್ತದೆ. ಮೇಲೆ ಹೋದ ವರ್ಷದ ನೀರು, ಕೆಳಗೆ ಈ ಹೊತ್ತಿನ ಗಂಟೆ. ಕಂಡವರು ಇದ್ದಿದ್ದರೆ ಜನ ಕೇಳಿಸಿಕೊಂಡು ನಂಬುತ್ತಿದ್ದರು. ಅವರಿಲ್ಲದ್ದರಿಂದ ನೋಡಿಯೇ ನಂಬಿದರು.

ಮೊದಲು ಫೋನ್ ಬಂದದ್ದು ಕಂಪ್ಲಿಯ ಕೇಬಲ್ಲಿನ ಹೊನ್ನೂರಪ್ಪನಿಂದ.

“ಶಶಕ್ಕ, ಕೋಟ್ಯಾಗ ಮಂದಿ ದಿಕ್ಕಾಪಾಲಾಗ್ಯಾರ. ಎಲ್ಲಾ ಟ್ರ್ಯಾಕ್ಟರ್ ಒಂದ ಕಡೆ ಸಿಕ್ಕೊಂಡಾವ. ಅವಸರದಾಗ ಒಬ್ಬ ಮುದುಕ ಕಟ್ಟಿಮ್ಯಾಲಿಂದ ಬಿದ್ದಾನ. ಖರೇನ ಗೇಟ್ ಬಿಟ್ಟಾರನು?”

ಡ್ಯಾಮಿನಲ್ಲಿ ಕೆಲಸ ಮಾಡುವ ಪರಿಚಯದವರನ್ನು ಕೇಳಿದೆ, ಒಂದೂ ತೆಗೆದಿರಲಿಲ್ಲ. ರೇಣುಕಾಗೆ ಆ ದೃಶ್ಯ ತೆಗೆಯಲು ಹೇಳಿ ನಮ್ಮವ್ವನಿಗೆ ಫೋನ್ ಮಾಡಿದೆ.

“ಯವ್ವಾ, ಎಲ್ಲಿದ್ದಿ?”

“ಟ್ರ್ಯಾಕ್ಟರ್‌ನ್ಯಾಗ ಅಕ್ಕಿಚೀಲ ಏರಸಾಕತ್ತೀನಿ. ಗೇಟ್ ಬಿಟ್ಟಾರಲ್ಲ!”

“ಬಿಟ್ಟಿಲ್ಲ ಯವ್ವಾ. ಅದು ಹ್ವಾದ ವರ್ಷದ್ದು.”

“ನಿನ್ನ ಟಿವ್ಯಾಗ ತೋರ್ಸ್ಯಾರ. ಕೆಳಗ ಟೈಮು ಬರಾಕತ್ತೈತಿ ಅಂತ ಬಾಜು ಮನಿಯಾಕಿ ಓದಿ ಹೇಳ್ಯಾಳ.”

“ಯವ್ವಾ, ನಿನ್ನ ಮಗಳು ನಾ ಹೇಳಾಕತ್ತೀನಿ!”

“ನೀ ಫೋನ್ಯಾಗ ಹೇಳ್ತಿ. ಟಿವ್ಯಾಗ ಹೇಳು, ನಂಬ್ತೀನಿ” ಎಂದು ಫೋನ್ ಇಟ್ಟಳು.

ಹೆತ್ತ ತಾಯಿಗೆ ನನಗಿಂತ ನಮ್ಮ ಚಾನೆಲ್ಲಿನ ಮೇಲೆ ಹೆಚ್ಚು ನಂಬಿಕೆ! ಬೇರೆ ದಿನವಾಗಿದ್ದರೆ ನಕ್ಕುಬಿಡುತ್ತಿದ್ದೆ. ಅವತ್ತು ಮಾಬಣ್ಣನ ಬೈಕ್ ಹತ್ತಿದೆ. ಡ್ಯಾಮಿನ ಕೆಳಗಿನ ಸೇತುವೆಯ ಮೇಲಿಂದ ಗೇಟುಗಳೆಲ್ಲ ಕಾಣುತ್ತವೆ, ಅಲ್ಲಿಗೆ ಹೊರಟೆವು. ಲೈವ್ ಕೊಡುವ ಯಂತ್ರವನ್ನು ಖರ್ಚು ಉಳಿಸಲೆಂದು ಕಂಪನಿಯವರು ವಾಪಸ್ ಒಯ್ದಿದ್ದರು, ಹಾಗಾಗಿ ಮಾಬಣ್ಣನ ಮೊಬೈಲೇ ಗತಿ. ಸೇತುವೆ ಮುಟ್ಟುವಷ್ಟರಲ್ಲಿ ನಂದೀಶ್ ಫೋನು.

“ಶಶಿಕಲಾ ಮೇಡಂ, ಲೈವ್ ಹೋಗ್ತಿದೀರಂತೆ? ಸ್ಪಾನ್ಸರ್ಡ್ ಪ್ರೋಗ್ರಾಂ ಅದು, ಮಧ್ಯದಲ್ಲಿ ಕಟ್ ಮಾಡೋಕಾಗಲ್ಲ. ಒಂದು ಸ್ಕ್ರೋಲ್ ಹಾಕ್ಸಿ ಸಾಕು.”

“ಸರ್, ನಮ್ಮವ್ವಗ ಓದಾಕ ಬರಂಗಿಲ್ರಿ.”

“ನಿಮ್ಮ ತಾಯಿಗೋಸ್ಕರ ಚಾನೆಲ್ ನಡೆಸೋಕಾಗುತ್ತಾ ಮೇಡಂ?”

“ನಮ್ಮವ್ವನಂಥವ್ರ ಸಲುವಾಗೇ ನಡಸಬೇಕ್ರಿ ಸರ್” ಎಂದೆ. ಆ ಮಾತು ಎಲ್ಲಿಂದ ಬಂತೋ ಗೊತ್ತಿಲ್ಲ. ಫೋನ್ ಕಟ್ ಮಾಡಿ, ರೇಣುಕಾಗೆ ಹಾಡು ನಿಲ್ಲಿಸಲು ಹೇಳಿದೆ. “ಅಕ್ಕಾ, ಕೆಲಸ ಹೋದ್ರ?” ಎಂದಳು. “ಹೋದ್ರ ಇಬ್ರುದೂ ಕೂಡೇ ಹೋಗ್ಲಿ ಬಿಡು” ಎಂದೆ. ಹಾಡು ನಿಂತಿತು.

ಗಾಳಿ ಹೇಗಿತ್ತೆಂದರೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದರೂ ನಿಲ್ಲುತ್ತಿರಲಿಲ್ಲ. ಜಿಟಿಜಿಟಿ ಮಳೆ ಬೇರೆ. ಸುದ್ದಿ ಓದುವ ಮೇಜು, ಪೌಡರು, ಕಾಗದ ಯಾವುದೂ ಇಲ್ಲದೆ ನಾನು ಕ್ಯಾಮೆರಾದ ಮುಂದೆ ನಿಂತದ್ದು ಅದೇ ಮೊದಲು. ಸುದ್ದಿಯವಳಂತೆ ಮಾತಾಡಲು ಬಾಯಿಯೇ ಬರಲಿಲ್ಲ.

“ನಾನು ಕಂಪ್ಲಿ ಕೋಟ್ಯಾಗಿನ ಪಾರ್ವತೆವ್ವನ ಮಗಳು ಶಶಿಕಲಾ. ಇವತ್ತ, ಈಗ, ಡ್ಯಾಮಿನ ಮುಂದ ನಿಂತೀನಿ. ಒಂದು ಗೇಟೂ ತೆಗೆದಿಲ್ಲ. ಆಗಳೆ ನೀವು ನೋಡಿದ್ದು ಹ್ವಾದ ವರ್ಷದ ನೀರು, ಅದು ನಮ್ಮ ತಪ್ಪು. ಗೇಟ್ ತೆಗೆಯೋ ದಿನ ನಾನ ಇಲ್ಲಿ ಬಂದು ನಿಂತು ಹೇಳ್ತೀನಿ. ಅಲ್ಲಿತನಕ ಯಾರೂ ಅವಸರ ಮಾಡಬ್ಯಾಡ್ರಿ.”

ಮಾಬಣ್ಣ ಮೊಬೈಲನ್ನು ಈ ತುದಿಯಿಂದ ಆ ತುದಿಗೆ ನಿಧಾನವಾಗಿ ತಿರುಗಿಸಿದ. ಮುಚ್ಚಿದ ಗೇಟುಗಳನ್ನು ಒಂದೊಂದಾಗಿ ಬೆರಳಿಟ್ಟು ತೋರಿಸಿದೆ. ಅಷ್ಟರಲ್ಲಿ ನನ್ನ ಫೋನಿಗೆ ಹೊನ್ನೂರಪ್ಪ.

“ಶಶಕ್ಕ, ಅಂಗಡಿ ಮುಂದ ಟಿವಿ ಇಟ್ಟೀನಿ, ಕೋಟ್ಯಾಗಿನ ಅರ್ಧ ಮಂದಿ ಇಲ್ಲೇ ಅದಾರ. ಇದೂ ಹಳೇದ ಇರಬೇಕು ಅಂತಾರ. ಎಡಗೈ ಎತ್ರಿ ನೋಡಾನ.”

ಎಡಗೈ ಎತ್ತಿದೆ. ಚಿತ್ರ ಕಂಪ್ಲಿ ಮುಟ್ಟುವ ಆ ಕೆಲವು ಕ್ಷಣ ಕೈಯನ್ನು ಮೇಲೆತ್ತಿಕೊಂಡು ಮಳೆಯಲ್ಲಿ ನಿಂತೇ ಇದ್ದೆ. ಆಮೇಲೆ ಫೋನಿನಿಂದ ಹೋ ಎಂದು ಒಂದು ಗದ್ದಲ ಎದ್ದಿತು ನೋಡಿ, ಅಷ್ಟು ಜನ ಒಟ್ಟಿಗೆ ಕೂಗಿದ್ದನ್ನು ನಾನು ಕೇಳಿರಲಿಲ್ಲ. ನಡುವೆ ನಮ್ಮವ್ವನ ಗಂಟಲು ಬೇರೆಯೇ ಕೇಳಿಸಿತು. “ನನ್ನ ಮಗಳಽ! ಇಳಸ್ರಿ ಆ ಅಕ್ಕಿಚೀಲ!”

ಕೈ ಇಳಿಸಿದಾಗ ನಾನು ಅಳುತ್ತಿದ್ದೆ. ಮಾಬಣ್ಣ, “ಮಳಿ ಐತಿ ಬಿಡ್ರಿ ಅಕ್ಕಾರ, ಯಾರಿಗೂ ಗೊತ್ತಾಗಿಲ್ಲ” ಎಂದ.

ನಾಲ್ಕು ದಿನದ ಮೇಲೆ ಗೇಟು ತೆಗೆದರು. ಕೊಟ್ಟ ಮಾತಿನಂತೆ ಅಲ್ಲೇ ನಿಂತು ಹೇಳಿದೆ. ಕೋಟೆಯವರು ಸಾವಕಾಶವಾಗಿ ಸಾಮಾನು ಸಾಗಿಸಿಕೊಂಡರು, ಮುದುಕರನ್ನು ಮೊದಲು ಕಳಿಸಿದರು, ದನಗಳನ್ನು ಬಿಚ್ಚಿದರು. ಹಂಪಿಯಲ್ಲಿ ಹೊಳೆಯ ನಡುವಿನ ಮಂಟಪಗಳು ಮುಳುಗಿದವು, ಹರಿಗೋಲಿನವನು ಮತ್ತೆ ಬಂದು ಬೆರಳು ಮಡಿಚಿದ. ನೀರು ಇಳಿಯುವ ತನಕ ಕಂಡವರನ್ನು ತೋರಿಸಿ ಎಂದು ನಂದೀಶ್ ಒಪ್ಪಿಕೊಂಡಿದ್ದರು. ಆದರೆ ಅದೇ ಕೈಯಿಂದ ನನಗೊಂದು ನೋಟಿಸನ್ನೂ ಕೊಟ್ಟರು. ಅನುಮತಿಯಿಲ್ಲದೆ ಕಾರ್ಯಕ್ರಮ ನಿಲ್ಲಿಸಿದ್ದಕ್ಕೆ ವಿವರಣೆ ಬೇಕಂತೆ. ಮುಂದಿನ ವಾರ ಕಂಪನಿಯ ದೊಡ್ಡ ಸಾಹೇಬರು ಬಂದು ಸ್ಟುಡಿಯೋ ಮುಚ್ಚುವುದನ್ನು ತೀರ್ಮಾನ ಮಾಡುತ್ತಾರೆ ಎಂದೂ ಹೇಳಿದರು.

ದೊಡ್ಡ ಸಾಹೇಬರು ಕಂಪನಿಯ ನಾಲ್ಕಾರು ಜನರ ಜೊತೆ ಬಂದರು. ನೆಟ್ಟಗೆ ಇಸ್ತ್ರಿ ಮಾಡಿದ ಅಂಗಿ, ತಣ್ಣನೆಯ ದನಿ. ಸ್ಟುಡಿಯೋದಲ್ಲೇ ನನ್ನ ಸುದ್ದಿಯ ಮೇಜಿನ ಸುತ್ತ ಸಭೆ. ಮುಂದಿನ ತಿಂಗಳಿಂದ ಎಲ್ಲವೂ ಬೆಂಗಳೂರಿನಿಂದ, ನಿಮ್ಮ ಸೇವೆಗೆ ಧನ್ಯವಾದ ಎಂದು ಅವರು ಹೇಳುತ್ತಿದ್ದಂತೆಯೇ ಮೆಟ್ಟಿಲ ಮೇಲೆ ಕಾಲುಗಳ ಸದ್ದು. ಒಬ್ಬಿಬ್ಬರದಲ್ಲ. ಬಾಗಿಲಲ್ಲಿ ಮೊದಲು ಕಂಡವನು ಹೊನ್ನೂರಪ್ಪ, ಕೈಯಲ್ಲಿ ಒಂದು ಬಾಕ್ಸು.

“ನಮಸ್ಕಾರ್ರಿ ಸಾಹೇಬ್ರ. ನಾ ಕಂಪ್ಲಿ ಕೇಬಲ್ಲಿನ ಹೊನ್ನೂರಪ್ಪ. ಇದು ನಿಮ್ಮ ಬಾಕ್ಸು, ತಗೋರಿ” ಎಂದು ಮೇಜಿನ ಮೇಲೆ ಇಟ್ಟ.

ಅವನ ಹಿಂದೆ ಸಂಡೂರಿನವನು ಒಂದು ಇಟ್ಟ. ಬಂಡ್ರಿಯವನು ಒಂದು. ದರೋಜಿಯವನು, ಹಂಪಿ ಕಡೆಯವನು, ದೋಣಿಮಲೈ ಕ್ವಾರ್ಟರ್ಸಿನವನು. ಹೆಸರು, ಊರು ಹೇಳುವುದು, ಬಾಕ್ಸು ಇಡುವುದು. ಸ್ವಲ್ಪ ಹೊತ್ತಿಗೆ ಮೇಜಿನ ಮೇಲೆ ಜಾಗವೇ ಉಳಿಯಲಿಲ್ಲ.

“ಇದೇನು ಗಲಾಟೆ?” ಎಂದರು ದೊಡ್ಡ ಸಾಹೇಬರು.

“ಗಲಾಟಿ ಅಲ್ರಿ. ಇವತ್ತ ಊರಿಗೊಂದು ತಂದೀವಿ. ಈ ಚಾನೆಲ್ ಮುಚ್ಚಿದ್ರ ಮನಿಮನಿಯಿಂದ ಬಿಚ್ಚಿ ತರ್ತೀವಿ. ಸಿಗ್ನಲ್ ಕೊಡಾಕ ಇನ್ನೊಂದ್ ಕಂಪ್ನಿ ತಯಾರೈತಿ.”

“ನಿಮಗೆ ಬೇಕಾದ್ದೇನು?”

“ನೀರಿನ ಸುದ್ದಿ ಬೇಕು, ಕಂಡವ್ರು ಬೇಕು. ಮತ್ತ ಬಂದಂಗ ಬಂದು ಹೋದಂಗ ಹೋಗೋ ಯಜಮಾನ್ರು ಬ್ಯಾಡ. ಶಶಕ್ಕ ನಡಸ್ಲಿ.”

ಈ ಕೊನೆಯ ಮಾತನ್ನು ನಾನು ಎಣಿಸಿಯೇ ಇರಲಿಲ್ಲ. ದೊಡ್ಡ ಸಾಹೇಬರು ನಂದೀಶ್ ಕಡೆ ನೋಡಿದರು. ಆ ಮನುಷ್ಯ ಲ್ಯಾಪ್‌ಟಾಪ್ ಮುಚ್ಚಿದ. “ಸರ್, ಹಳೇ ದೃಶ್ಯ ಹಾಕಿ ಅಂದಿದ್ದು ನಾನೇ. ಅದನ್ನ ಸರಿ ಮಾಡಿದ್ದು ಇವರು. ನಾನಾಗಿದ್ರೆ ಸ್ಕ್ರೋಲ್ ಹಾಕಿ ಕೂತಿರ್ತಿದ್ದೆ” ಎಂದ. ನಂದೀಶ್ ಬಗ್ಗೆ ನಾನು ಆಡಿಕೊಂಡ ಮಾತನ್ನೆಲ್ಲ ಆ ಹೊತ್ತಿಗೆ ಮನಸ್ಸಿನಲ್ಲೇ ಹಿಂದಕ್ಕೆ ತೆಗೆದುಕೊಂಡೆ.

“ನಡೆಸ್ತೀರಾ?” ಎಂದು ದೊಡ್ಡ ಸಾಹೇಬರು ನನ್ನನ್ನು ಕೇಳಿದರು.

ಹೆದರಿಕೆ ಇತ್ತು, ಸುಳ್ಳೇಕೆ ಹೇಳಲಿ. ಆದರೆ ಹೆದರಿಕೆಗಿಂತ ಆಸೆ ದೊಡ್ಡದಾಗಿತ್ತು. ಬೇರೆಯವರ ಮೂರು ಕುರ್ಚಿಗಳ ಮುಂದೆ ನಿಂತು ‘ಸರಿ ಸರ್’ ಎಂದ ಒಂದು ಇಡೀ ಮಳೆಗಾಲ ನನಗೆ ಸಾಕಾಗಿತ್ತು.

“ನಡೆಸ್ತೀನ್ರಿ. ಈಗ್ಲೇ ಬರದು ಕೊಟ್ರ ನಡೆಸ್ತೀನಿ.”

ಕೇಬಲ್ಲಿನವರಲ್ಲಿ ಯಾರೋ ಕಿಸಕ್ಕನೆ ನಕ್ಕರು. ದೊಡ್ಡ ಸಾಹೇಬರು ನಗಲಿಲ್ಲ. ಪೆನ್ನು ತೆಗೆದರು, ನಂದೀಶ್ ಕೊಟ್ಟ ಕಾಗದದ ಮೇಲೆ ನಾಲ್ಕು ಸಾಲು ಬರೆದು, ಸಹಿ ಮಾಡಿ, ನನ್ನ ಕಡೆ ಸರಿಸಿದರು. ಎರಡು ಸಲ ಓದಿದೆ. ಮಾಬಣ್ಣ ಹೆಗಲ ಮೇಲಿಂದ ಬಗ್ಗಿ ಮೂರನೆಯ ಸಲ ಓದಿದ.

“ಆಯ್ತಲ್ಲ? ಇನ್ನೇನಾದ್ರೂ ಇದೆಯಾ?” ಎಂದರು ಸಾಹೇಬರು.

ಗೋಡೆಯ ಗಡಿಯಾರ ನೋಡಿದೆ. ಏಳಕ್ಕೆ ಕಾಲು ಗಂಟೆ ಕಡಿಮೆ.

“ಐತ್ರಿ. ಏಳಕ್ಕ ನೀರಿನ ಸುದ್ದಿ. ನನ್ನ ಮೇಜು ಖಾಲಿ ಮಾಡಿ ಕೊಡ್ರಿ” ಎಂದೆ.

ದೊಡ್ಡ ಸಾಹೇಬರು ಎದ್ದರು, ಅಂಗಿಯ ತೋಳು ಮಡಿಚಿದರು, ಎರಡು ಕಂಕುಳಲ್ಲಿ ಎರಡು ಬಾಕ್ಸು ಇರುಕಿಕೊಂಡು ಬಾಗಿಲ ಕಡೆ ನಡೆದರು. ಅವರ ಹಿಂದೆ ಕಂಪನಿಯವರೆಲ್ಲ ಒಂದೊಂದು ಎತ್ತಿಕೊಂಡರು. ಕೊನೆಯವರು ಹೊಸ್ತಿಲು ದಾಟುವ ಮೊದಲೇ ಮಾಬಣ್ಣ ಲೈಟು ಹಾಕಿದ.